ಬ್ರಯನಿ ಬರೋ ತನಕ

ಅಯ್ಯಯ್ಯೋ, ಏಳಬೇಡಿ ಮಿಸ್ಟರ್ ಆಲ್ಡರ್ಸನ್, ಏಳಬೇಡಿ! ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸ್ತು ನನಗೆ. ಕೂತ್ಕೊಳ್ಳಿ. ಬರ್ತಾಳೆ. ನಿಮ್ಮ ಎದುರಿಗೇ ಫೋನ್ ಮಾಡಿದ್ಲಲ್ಲ... ಗಾಳಿ ಜೋರಾದ್ರೆ ಸೇತುವೆ ಮೇಲೆ ರೈಲು ಬಿಡಲ್ಲ, ಚಳಿಗಾಲದಲ್ಲಿ ಇದು ಇದ್ದದ್ದೇ. ಕಾಲೇಜಿಂದ ಹೊರಟು ಗ್ರೇಂಜ್ ತನಕ ಬಂದಿದಾಳೆ. ಗಾಳಿ ಒಂಚೂರು ಇಳೀಲಿ, ಹೊಳೆ ದಾಟಿದ್ರೆ ಇದೇ ಆರ್ನ್‌ಸೈಡ್. ಸ್ಟೇಷನ್ನಿಂದ ಅಂಗಡಿಗೆ, ನೀವು ಒಂದು ಸ್ಕೋನ್ ತಿಂದು ಮುಗಿಸೋಷ್ಟರಲ್ಲಿ ಬಂದುಬಿಡ್ತಾಳೆ. ಓಡ್ಕೊಂಡೇ ಬರ್ತಾಳೆ, ನಡೆಯೋ ಜಾತಿ ಅಲ್ಲ ಅದು.

ಹಾಂ, ಹಾಗೆ. ಆರಾಮಾಗಿ ಕೂತ್ಕೊಳ್ಳಿ. ಟೀ ಬಿಸಿ ಇದೆ, ಬಗ್ಗಿಸ್ಕೊಳ್ಳಿ. ಇಲ್ಲ, ನೀವೇ ಬಗ್ಗಿಸ್ಕೊಬೇಕು... ಯಾಕೆ ನಗ್ತೀರಾ? ಅಂಗಡಿಯವಳು ಕೈಕಟ್ಟಿ ಕೂತು ಗಿರಾಕಿ ಕೈಲಿ ಚಾಕರಿ ಮಾಡಿಸ್ತಾಳೆ ಅಂತಾನಾ? ಒಬ್ಬೊಬ್ಬರದು ಒಂದೊಂದು ಹದ ಕಣ್ರೀ. ನಮ್ಮತ್ತೆ ಹೇಳ್ತಿದ್ರು, ಬೇರೆಯವರ ಟೀಗೂ ಬೇರೆಯವರ ಸಂಸಾರಕ್ಕೂ ಕೈ ಹಾಕಬಾರದು ಅಂತ. ಸಕ್ಕರೆ ನಿಮ್ಮ ಎಡಗಡೆ. ಬೆಣ್ಣೆ ಆ ಮುಚ್ಚಳದ ಕೆಳಗೆ. ನನಗೆ ಬೇಡ ಚಿನ್ನ, ನಂದು ಆಗಿದೆ.

ಅಯ್ಯೋ! ಚಿನ್ನ ಅಂದುಬಿಟ್ಟೆ. ಬೇಜಾರು ಮಾಡ್ಕೋಬೇಡಿ. ಕೌಂಟರ್ ಹಿಂದೆ ನಿಂತೂ ನಿಂತೂ ಬಂದ ಅಭ್ಯಾಸ, ಪೋಸ್ಟಿನವನೂ ಚಿನ್ನ, ಪಾದ್ರಿಗಳೂ ಚಿನ್ನ. ಬೆಳಗ್ಗೆಯೇ ಬ್ರಯನಿ ಹೇಳಿ ಹೋಗಿದ್ಲು, "ಮಮ್ಮಿ, ಅವರು ದೊಡ್ಡ ಮನುಷ್ಯರು, ಅಮೆರಿಕದ ಅಂಥಾ ಯೂನಿವರ್ಸಿಟೀಲಿ ಓದಿ ಬಂದವರು, ಅಲ್ಲಿಯ ಸೀಟಿಗೆ ನನ್ನ ಇಂಟರ್‌ವ್ಯೂ ಮಾಡೋಕೆ ಅಂತ್ಲೇ ಕೆಂಡಲ್‌ನಿಂದ ಬರ್ತಿದಾರೆ. ಚಿನ್ನ ಗಿನ್ನ ಅನ್ನಬೇಡ, ಕೂತು ಹರಟಬೇಡ. ಟೀ ಕೊಟ್ಟು ಒಳಗೆ ಹೋಗು." ಕೊಟ್ಟೆ. ಒಳಗೆ ಮಾತ್ರ ಹೋಗಲಿಲ್ಲ. ನಾನು ಒಳಗೆ ಹೋದ್ರೆ ನೀವು ಹೊರಗೆ ಹೋಗ್ತೀರಿ, ಅಷ್ಟೇ ಭಯ ನನಗೆ.

ಈ ಕಾಲದಲ್ಲಿ ಅಂಗಡಿ ತೆಗೆಯಲ್ಲ ನಾವು. ಈಸ್ಟರ್ ಬಂದ್ಮೇಲೇ ಜನ. ನಿಮಗೋಸ್ಕರ ತೆಗೆದಿದ್ದು. ನಿಮ್ಮವರ ಕಾಗದದಲ್ಲಿ ಇತ್ತಲ್ಲ, ಮನೇಲಿ ಬೇಡ, ನಾಲ್ಕು ಜನ ಬಂದುಹೋಗೋ ಜಾಗ ಇರಲಿ ಅಂತ. ನಾಲ್ಕು ಜನ ಎಲ್ಲಿಂದ ತರಲಿ ಜನವರೀಲಿ? ನೀವೊಬ್ಬರು, ನಾನೊಬ್ಬಳು. ಉಳಿದಿಬ್ಬರು ಅಂತ ಆ ಕಡಲಹಕ್ಕಿಗಳನ್ನ ಲೆಕ್ಕಕ್ಕೆ ಇಟ್ಕೊಳ್ಳಿ. ಕಿಟಕಿ ಮೇಲೆ ಕೂತು ಕಿರುಚ್ತಾನೇ ಇವೆ.

ಏನೋ ಬರ್ಕೋತಾ ಇದ್ದೀರಿ... ಪೆನ್ನಿನ ಸದ್ದು. ಏನು? ತಾಯಿ ಹೇಳಿದ್ದು ಲೆಕ್ಕಕ್ಕಿಲ್ವಾ? ಹುಡುಗಿ ಬಾಯಿಂದ ಬಂದಿದ್ದು ಮಾತ್ರಾನಾ? ಸರಿ ಬಿಡಿ, ನಿಯಮ ಅಂದ್ರೆ ನಿಯಮ. ಹೆತ್ತವರಿಗೆ ಹೆಗ್ಗಣ ಮುದ್ದು, ಅದು ನಿಮ್ಮವರಿಗೂ ಗೊತ್ತಿರುತ್ತೆ. ಆದ್ರೂ ಪೆನ್ನು ಗೀಚ್ತಾ ಇತ್ತಲ್ಲ? ಓ, ತಾರೀಖು, ಜಾಗದ ಹೆಸರು. ಬರ್ಕೊಳ್ಳಿ, ಬರ್ಕೊಳ್ಳಿ. ನೀವು ಬರೀತಿದ್ರೆ ನನಗೆ ಏನೋ ಒಂದು ಧೈರ್ಯ.

ಒಂದು ಮಾತು ಕೇಳ್ಲಾ? ಇಂಟರ್‌ವ್ಯೂ ಬಗ್ಗೆ ಅಲ್ಲ. ಅವಳ ಮೇಷ್ಟ್ರು ಒಬ್ಬರಿದಾರೆ, ಮಿಸ್ಟರ್ ಹಾಡ್ಜ್‌ಕಿನ್ ಅಂತ, ಭೂಗೋಳದವರು. ಅವರು ಇವಳ ಬಗ್ಗೆ ನಿಮ್ಮವರಿಗೆ ಬರೆದು ಕಳಿಸಿದಾರೆ. ಏನು ಬರೆದಿರಿ ಅಂತ ಕೇಳಿದೆ. ಎದೆಯುಬ್ಬಿಸಿ ಹೇಳಿದ್ರು, "ಬ್ರಯನಿಯ ಕೆಲಸ ಕೆಟ್ಟದಾಗಿಲ್ಲ, ಕ್ಲಾಸಿನಲ್ಲಿ ಯಾರಿಗೂ ತೊಂದರೆ ಕೊಟ್ಟಿಲ್ಲ ಅಂತ ಬರೆದಿದೀನಿ" ಅಂತ! ನನ್ನ ಜೀವ ಬಾಯಿಗೆ ಬಂತು. ಅಮೆರಿಕದವರು ಅದನ್ನ ಓದಿ ಏನಂದ್ಕೋತಾರೆ? ಅಲ್ಲಿಯ ಮೇಷ್ಟ್ರುಗಳು ಹುಡುಗ ಮೂಗು ಒರೆಸ್ಕೊಂಡ್ರೂ ಇಂಥವನು ಈ ಶತಮಾನದಲ್ಲಿ ಹುಟ್ಟಿಲ್ಲ ಅಂತ ಬರೀತಾರಂತೆ. ನಮ್ಮವರು? ಪರವಾಗಿಲ್ಲ. ಕೆಟ್ಟದಾಗಿಲ್ಲ. ನನ್ನ ಶುಂಠಿ ಕೇಕು ತಿಂದು ಕಣ್ಣಲ್ಲಿ ನೀರು ತುಂಬ್ಕೊಂಡೋರು ಕೂಡ "ಪರವಾಗಿಲ್ಲ ಲೊರೇನ್" ಅಂದೇ ಎದ್ದುಹೋಗೋದು. ಮನೆ ಹೊತ್ತಿ ಉರೀತಿದ್ರೂ "ಕ್ಷಮಿಸಿ, ಇಲ್ಲಿ ಸ್ವಲ್ಪ ಬೆಚ್ಚಗಿದೆ ಅಲ್ವಾ?" ಅನ್ನೋ ಜನ ನಾವು. ನೀವು ಎರಡೂ ಕಡೆ ಇದ್ದವರು. ಆ ಹಾಡ್ಜ್‌ಕಿನ್ ತಮ್ಮ ಜನ್ಮದಲ್ಲೇ ಇಷ್ಟು ಹೊಗಳಿದ್ದು ಇವಳೊಬ್ಬಳನ್ನ ಅಂತ ಅವರಿಗೆ ತಿಳಿಸಿ ಹೇಳೋಕಾಗುತ್ತಾ?

ನೀವೂ "ನೋಡೋಣ" ಅಂದ್ರಿ! ಆಯ್ತು. ನೀವೂ ನಮ್ಮವರೇ.

ಅವಳ ಪ್ರಬಂಧ ಓದಿದ್ರಾ? ಬರೀ ಕೆಸರು. ಅಲ್ವಾ? ಮೊದಲಿಂದ ಕೊನೇ ತನಕ ಕೆಸರು, ಮರಳು. ನಿನ್ನ ಜೀವನದ ಕಷ್ಟ ಬರಿ, ಹೇಗೆ ಎದ್ದು ನಿಂತೆ ಬರಿ ಅಂತ ಕೇಳಿದ್ದಾರೆ ನಿಮ್ಮವರು. ಇವಳು ಮೂರು ರಾತ್ರಿ ಪೆನ್ಸಿಲ್ ಕಚ್ಚಿದ್ಲು. "ಮಮ್ಮಿ, ನನಗೆ ಕಷ್ಟ ಏನಿದೆ?" ಅಂದ್ಲು. ಅಪ್ಪ ಬಿಟ್ಟುಹೋದ, ಫ್ಲೀಟ್‌ವುಡ್‌ನಲ್ಲಿ ಬೇರೆ ಸಂಸಾರ ಹೂಡಿದಾನೆ, ಅದನ್ನ ಬರಿ ಅಂದೆ. "ಅದು ಅವನ ಕಷ್ಟ, ನಂದಲ್ಲ" ಅಂದ್ಲು. ಹಾಗಂದು ಈ ಹೊಳೆಯ ಬಗ್ಗೆ ಬರೆದು ಕಳಿಸಿದ್ಲು. ಊರ ಮುಂದೆ ಸಮುದ್ರ ಸೇರೋ ಹೊಳೆ. ಅದರಲ್ಲಿ ಏನಿದೆ ಹೇಳಿ?

ಇದೆ ಅಂತೀರಾ? ಹೌದಾ? ನಿಮಗೆ ಹಿಡಿಸ್ತಾ? ದೇವರೇ... ಹೇಳಬೇಡಿ ಅವಳ ಹತ್ರ, ತಲೆ ಮೇಲೆ ಕೂತ್ಕೋತಾಳೆ. ಇಲ್ಲ, ಹೇಳಿ. ಹೇಳಿ. ಒಂದು ಸಲ ಯಾರಾದ್ರೂ ಬಾಯಿಬಿಟ್ಟು ಹೇಳಲಿ ಅವಳಿಗೆ.

ಹಾಗಾದ್ರೆ ಪ್ರಬಂಧದಲ್ಲಿ ಇಲ್ಲದ್ದು ಒಂದು ಹೇಳ್ತೀನಿ. ಅವಳಪ್ಪ ಸೀಗಡಿ ಹಿಡೀತಿದ್ದ. ದೋಣೀಲಿ ಅಲ್ಲ, ನೀರು ಇಳಿದಾಗ ಟ್ರ್ಯಾಕ್ಟರ್ ಹತ್ಕೊಂಡು ಮರಳ ಮೇಲೆ ಹೋಗಿ. ಕೆಂಡಲ್‌ನವರು, ನಿಮಗೆ ಗೊತ್ತೇ ಇದೆ. ಈ ಹೊಳೆ ಇದ್ದ ಕಡೆ ಇರಲ್ಲ, ಮಗ್ಗಲು ಬದಲಾಯಿಸ್ತಾನೇ ಇರುತ್ತೆ. ಬ್ರಯನಿ ಚಿಕ್ಕವಳು, ಮುಂದಿನ ಎರಡು ಹಲ್ಲು ಬಿದ್ದಿತ್ತು ಆಗ. ಲಾರೆಲ್ ಗಿಡದ ಕಡ್ಡಿ ಕಿತ್ಕೊಂಡು ಹೋಗಿ ನೀರಿನ ಅಂಚಿಗೆ ನೆಡೋಳು. ಮಾರನೇ ವಾರ ಹೋಗಿ ನೋಡೋಳು, ಹೊಳೆ ಎಷ್ಟು ಸರೀತು, ಯಾವ ಕಡ್ಡಿ ನುಂಗ್ತು ಅಂತ. ಒಂದು ದಿನ ಅಪ್ಪ ಟ್ರ್ಯಾಕ್ಟರ್ ಹತ್ತಿದಾನೆ, ಇವಳು ಎದುರಿಗೆ ನಿಂತು, "ಡ್ಯಾಡಿ, ಆ ಕಡೆ ಬೇಡ, ಕೆಳಗೆ ಮೆತ್ತಗಾಗಿದೆ" ಅಂದ್ಲು. ಅವನು ಹೊಟ್ಟೆ ಹಿಡ್ಕೊಂಡು ನಕ್ಕ. ಅವನ ಅಜ್ಜನ ಕಾಲದಿಂದ ಮರಳು ತುಳಿದ ಮನೆತನ, ಹಲ್ಲಿಲ್ಲದ ಹುಡುಗಿ ಬುದ್ಧಿ ಹೇಳೋದಾ! ಸಂಜೆ ಅವನು ಕಾಲ್ನಡಿಗೇಲಿ ಬಂದ. ಸೊಂಟದ ತನಕ ಕೆಸರು. ಟ್ರ್ಯಾಕ್ಟರ್ ಅಲ್ಲೇ ಹೂತುಹೋಯ್ತು, ಇವತ್ತಿಗೂ ಅಲ್ಲೇ ಇದೆ. ಇವಳು ಏನಂದ್ಲು ಗೊತ್ತಾ? ನಾನು ಹೇಳ್ಲಿಲ್ವಾ ಅಂತ ಅನ್ನಲಿಲ್ಲ. ಬಿಸಿನೀರು ತಂದು ಅವನ ಕಾಲು ತೊಳೆದ್ಲು. ಮಾರನೇ ದಿನ ಆ ಟ್ರ್ಯಾಕ್ಟರ್ ಮುಳುಗಿದ ಕಡೆ ಒಂದು ಕಡ್ಡಿ ನೆಟ್ಟು ಬಂದ್ಲು.

ಬರ್ಕೊಂಡ್ರಿ! ಕೇಳಿಸ್ತು. ಸದ್ದು ಮಾಡಲ್ಲ ನಾನು, ಬರ್ಕೊಳ್ಳಿ.

...

ಹೆದರಬೇಡಿ, ಹೆದರಬೇಡಿ! ಅದು ಉಬ್ಬರದ ಸೈರನ್ನು. ನೀರು ಒಳಗೆ ಬರ್ತಿದೆ, ಮರಳ ಮೇಲೆ ಯಾರಾದ್ರೂ ಇದ್ರೆ ದಡಕ್ಕೆ ಬನ್ನಿ ಅಂತ. ಗಡಿಯಾರವೂ ನಾಲ್ಕು ಹೊಡೀತಲ್ಲ ಆಗಲೇ. ನನ್ನ ಬುದ್ಧಿಗಿಷ್ಟು! ಜನವರೀಲಿ ನಾಲ್ಕು ಅಂದ್ರೆ ಕತ್ತಲೇ, ನಿಮ್ಮನ್ನ ಹೀಗೇ ಕೂರಿಸಿಬಿಟ್ಟಿದೀನಿ. ಇರಿ, ಲೈಟು ಹಾಕ್ತೀನಿ. ಇಲ್ಲ ಇಲ್ಲ, ನೀವು ಕೂತಿರಿ, ಈ ಅಂಗಡೀಲಿ ನಾನು ನಿದ್ದೇಲೂ ಓಡಾಡ್ತೀನಿ... ಈ ಲೈಟಿನದು ದೊಡ್ಡ ಕಥೆ. ನಮ್ಮ ಮಾವನ ಕೈಚಳಕ. ಒಂದೇ ಲೈಟಿಗೆ ಎರಡು ಸ್ವಿಚ್ಚು, ಒಂದು ಇಲ್ಲಿ ಕೋಟಿನ ಗೂಟದ ಕೆಳಗೆ, ಒಂದು ಮಹಡಿ ಮೆಟ್ಟಿಲ ಮೇಲೆ. ಯಾವುದು ಮೇಲಿದ್ರೆ ಹತ್ತುತ್ತೆ, ಯಾವುದು ಕೆಳಗಿದ್ರೆ ಆರುತ್ತೆ ಅನ್ನೋದು ಆ ದೇವರಿಗೂ ಗೊತ್ತಿಲ್ಲ. ಹಾಂ. ಬಂತು ನೋಡಿ.

ಏನಂದ್ರಿ? "ಓ" ಅಂದ್ರಲ್ಲ. ಕಣ್ಣಿಗೆ ಹೊಡೀತಾ? ಬಲ್ಬು ಸ್ವಲ್ಪ ದೊಡ್ಡದೇ, ಬ್ರಯನಿ ತಂದು ಹಾಕಿದ್ದು.

ಏನಿಲ್ವಾ? ಸರಿ.

ಎಲ್ಲಿದ್ದೆ... ಹಾಂ, ಟ್ರ್ಯಾಕ್ಟರ್. ಅಲ್ಲಿಂದ ಇವಳ ಹುಚ್ಚು ಹೆಚ್ಚಾಯ್ತು. ಊರವರು ಇವಳನ್ನ ಕಡ್ಡಿರಾಣಿ ಅಂತ ಆಡ್ಕೊಂಡು ನಕ್ಕರು. ಈಗ ಅದೇ ಊರವರು ಮರಳ ಮೇಲೆ ಹೋಗೋಕೆ ಮುಂಚೆ ನನ್ನ ಅಂಗಡಿಗೆ ಬಂದು, ಟೀ ಕುಡಿಯೋ ನೆಪದಲ್ಲಿ, "ನಿಮ್ಮ ಹುಡುಗಿ ಏನಂತಾಳೆ ಲೊರೇನ್, ಹೊಳೆ ಈಗ ಯಾವ ಕಡೆ?" ಅಂತ ಕೇಳ್ತಾರೆ. ಬ್ಲ್ಯಾಕ್‌ಬರ್ನ್ ಮುದುಕ ಇದಾನಲ್ಲ, ಅರವತ್ತು ವರ್ಷ ಆ ಮರಳು ತುಳಿದವನು, ಅವನೂ ಕೇಳ್ತಾನೆ. ಮುಖ ಆ ಕಡೆ ತಿರುಗಿಸ್ಕೊಂಡು ಕೇಳ್ತಾನೆ. ಇದನ್ನ ಬರ್ಕೊಳ್ಳಿ. ಇದು ನಿಜವಾಗ್ಲೂ ಬರ್ಕೊಳ್ಳೋ ಮಾತು...

ಬರ್ಕೊಂಡ್ರಾ?

ಪೆನ್ನಿನ ಸದ್ದೇ ಇಲ್ಲ. ಇಲ್ಲ, ಬಲವಂತ ಅಲ್ಲ. ನಿಮಗೆ ಬೇಕಾದ್ದು ಬರ್ಕೋತೀರಿ.

ಅಮ್ಮಾ! ಏನಾಯ್ತು, ಮೇಜಿಗೆ ಕಾಲು ತಾಗ್ತಾ? ಹಾಲಿನ ಜಗ್ಗಾ? ಹೋಗಲಿ ಬಿಡಿ. ದಿನಾ ಎರಡು ಬೀಳುತ್ತೆ ಇಲ್ಲಿ, ಮಕ್ಕಳು ಬಂದ್ರೆ ನಾಲ್ಕು. ಈ ಬಟ್ಟೆ ತಗೊಳ್ಳಿ, ನಿಮ್ಮ ಪ್ಯಾಂಟು ಒರೆಸ್ಕೊಳ್ಳಿ ಮೊದಲು. ನನ್ನ ಕೈ ಹುಡುಕ್ತಿದ್ದೀರಾ ಏನು, ಇಲ್ಲೇ ಇದೆ ಬಟ್ಟೆ! ಆಗಲೇ ಒಳಗೆ ಬರುವಾಗ ಕುರ್ಚಿಗಳ ಮಧ್ಯೆ ಹಾವಿನ ಹಾಗೆ ಸಲೀಸಾಗಿ ನಡ್ಕೊಂಡು ಬಂದ್ರಿ, ಈಗ ನೋಡಿದ್ರೆ...

ಕುರ್ಚಿ ಯಾಕೆ ಎಳ್ಕೊಂಡ್ರಿ ಕಿಟಕಿ ಕಡೆಗೆ? ಅಲ್ಲಿ ಗಾಳಿ ನುಗ್ಗುತ್ತೆ. ಓ, ಹೊಳೆ ನೋಡೋಕಾ. ನೋಡಿ, ನೋಡಿ. ಆ ಕಡೆ ದಡದಲ್ಲಿ ಸ್ಟೇಷನ್ ದೀಪ ಕಾಣಬೇಕು. ರೈಲು ನಿಂತಿದೆಯಾ? ನಿಂತೇ ಇದೆಯಾ... ಛೆ.

ಏನು ಕೇಳಿದ್ರಿ? ಇನ್ನೊಂದು ಸಲ ಹೇಳಿ.

ಮನೇಲಿ ಅವಳ ಮೇಲೆ ಜವಾಬ್ದಾರಿ ಏನಾದ್ರೂ ಇದೆಯಾ ಅಂತ?

ಇಲ್ಲ. ಏನೂ ಇಲ್ಲ. ಯಾಕೆ ಕೇಳಿದ್ರಿ? ಬರೆದಿದ್ಲಾ? ಏನು ಬರೆದಿದ್ಲು ನಿಮಗೆ? "ಮನೆಯ ಪರಿಸ್ಥಿತಿ ನೋಡಿಕೊಂಡು" ಅಂತಾನಾ? ಅದಾ! ಅದು... ಹುಡುಗಿ ಸುಮ್ನೆ ಬರೆದಿರೋದು, ನಿಮ್ಮ ಮುಂದೆ ದೊಡ್ಡವಳ ಹಾಗೆ ಕಾಣ್ಲಿ ಅಂತ. ಮನೆಯ ಪರಿಸ್ಥಿತಿ ಅಂದ್ರೆ ಏನು? ನಾನು, ಅವಳು, ಒಂದು ಬೆಕ್ಕು. ನನಗೆ ಕಣ್ಣು ಸ್ವಲ್ಪ ಮಂಜು, ಅಷ್ಟೇ. ಈ ವಯಸ್ಸಿಗೆ ಯಾರಿಗಿಲ್ಲ? ಕಣ್ಣಲ್ಲಿ ಒತ್ತಡ ಜಾಸ್ತಿ ಅಂದ್ರು ಡಾಕ್ಟ್ರು, ಹನಿ ಬಿಟ್ಕೋತೀನಿ. ಇದ್ದ ಹಾಗೇ ಇದೆ. ಹೆಚ್ಚಾಗಿಲ್ಲ ಕಡಿಮೆಯಾಗಿಲ್ಲ. ಬೇಕಾದ್ರೆ ಕೇಳಿ ಯಾರನ್ನಾದ್ರೂ! ಟೀ ಮಾಡ್ತೀನಿ, ಸ್ಕೋನ್ ಸುಡ್ತೀನಿ, ಚಿಲ್ಲರೆ ಎಣಿಸಿ ಕೊಡ್ತೀನಿ, ಒಂದು ದಿನ ತಪ್ಪಿಲ್ಲ...

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಮಾತು. ನೀವು ಕೇಳಿದ್ದು ಒಂದು, ನಾನು ಹೇಳಿದ್ದು ಹತ್ತು.

ಪೆನ್ನಿನ ಮುಚ್ಚಳ ಟಕ್ ಅಂತಲ್ಲ.

ಮಿಸ್ಟರ್ ಆಲ್ಡರ್ಸನ್, ನಾನೇನಾದ್ರೂ ತಪ್ಪು ಮಾತಾಡಿದ್ನಾ? ಬಂದಾಗ ಚೆನ್ನಾಗಿ ಬರೀತಿದ್ರಿ. ಟ್ರ್ಯಾಕ್ಟರ್ ಕಥೆಗೆ ಎಷ್ಟು ಬರೆದ್ರಿ! ಆಮೇಲೆ ನಿಂತುಹೋಯ್ತು. ಒಂದಕ್ಷರ ಇಲ್ಲ. ನನ್ನಿಂದ ಹಾಗಾಯ್ತಾ? ಹಳ್ಳಿ ಹೆಂಗಸು, ಬಾಯಿಗೆ ಬೀಗ ಇಲ್ಲ, ಇವಳ ಮಗಳೂ ಇಷ್ಟೇ ಇರಬೇಕು ಅಂದ್ಕೊಂಡ್ರಾ? ಅವಳು ನನ್ನ ಹಾಗಲ್ಲ. ಅವಳು ಕೇಳಿದಷ್ಟಕ್ಕೆ ಉತ್ತರ ಹೇಳ್ತಾಳೆ, ಅದೂ ಯೋಚನೆ ಮಾಡಿ. ದಯವಿಟ್ಟು... ನನ್ನ ಮಾತನ್ನ ಅವಳ ತಲೆಗೆ ಕಟ್ಟಬೇಡಿ.

ಇಲ್ಲ ಅಂತೀರಿ. ಮತ್ತೆ ಯಾಕೆ ದನಿ ಹಾಗೆ ಮೆತ್ತಗಾಯ್ತು? ಕಾಯಿಲೆ ಬಿದ್ದವರ ಹತ್ರ ಮಾತಾಡೋ ಹಾಗೆ ಮಾತಾಡ್ತಿದ್ದೀರಿ. ಬೇಡ. ಪಾದ್ರಿಗಳು ಹಾಗೆ ಮಾತಾಡ್ತಾರೆ, ನನಗೆ ಆಗಲ್ಲ.

ನಿಜ ಹೇಳ್ತೀನಿ ಕೇಳಿ. ಅವಳಿಗೆ ಹೋಗೋಕೆ ಆಸೆ. ಬಾಯಲ್ಲಿ ಹೇಳಲ್ಲ. ಆ ಯೂನಿವರ್ಸಿಟೀಲಿ ಒಬ್ಬ ಹೆಂಗಸು ಇದಾರಂತೆ, ಹೊಳೆಗಳು ಹೇಗೆ ಹೊರಳ್ತಾವೆ ಅಂತ ಜೀವನಪೂರ್ತಿ ನೋಡ್ಕೊಂಡು ಬಂದವರು. ಅವರ ಭಾಷಣ ಫೋನಲ್ಲಿ ಹಾಕ್ಕೊಂಡು ಕೇಳ್ತಾಳೆ, ಪಾತ್ರೆ ತೊಳೀತಾ ಕೇಳ್ತಾಳೆ, ಮಲಗೋಕೆ ಹೋಗುವಾಗ ಕೇಳ್ತಾಳೆ. ನನಗೇ ಆ ಹೆಂಗಸಿನ ಕೆಮ್ಮು ಬಾಯಿಪಾಠ ಆಗಿದೆ. ಖರ್ಚೆಲ್ಲ ಅವರೇ ನೋಡ್ಕೋತಾರಂತೆ, ಹುಡುಗಿ ಗಟ್ಟಿಯಿದ್ರೆ. ಗಟ್ಟಿಯಿದಾಳೆ. ಆದ್ರೆ ಮೊನ್ನೆ ಕ್ರಿಸ್ಮಸ್ ದಿನ ಊಟಕ್ಕೆ ಕೂತಾಗ ಏನಂದ್ಲು ಗೊತ್ತಾ? "ಮಮ್ಮಿ, ನಿನ್ನ ಕಣ್ಣು ಇನ್ನೊಂಚೂರು ಕೆಟ್ಟರೂ ನಾನು ಹೋಗಲ್ಲ. ಇಲ್ಲೇ ಹತ್ರ ಲ್ಯಾಂಕಾಸ್ಟರ್‌ಗೆ ಸೇರ್ಕೋತೀನಿ, ಸಂಜೆ ರೈಲಿಗೆ ಮನೆಗೆ ಬರ್ತೀನಿ." ನಾನು ನಕ್ಕೆ. ಜೋರಾಗಿ ನಕ್ಕೆ. ಕೆಡೋದಾ, ಮೊದಲಿಗಿಂತ ಚೆನ್ನಾಗಿ ಕಾಣ್ತಿದೆ, ನಿನ್ನ ಕೆನ್ನೆ ಮೇಲಿನ ಮೊಡವೆ ಎಣಿಸ್ಲಾ ಅಂದೆ.

ಲ್ಯಾಂಕಾಸ್ಟರ್ ಕೆಟ್ಟದಲ್ಲ. ನಾನು ಹಾಗನ್ನಲ್ಲ. ಆದ್ರೆ ಅವಳು ಓದಿಗೋಸ್ಕರ ಅಲ್ಲಿಗೆ ಹೋಗ್ತಾಳಾ? ನನಗೋಸ್ಕರ ಹೋಗ್ತಾಳೆ. ಓದು ಮುಗಿದ್ಮೇಲೂ ನನಗೋಸ್ಕರ ಇಲ್ಲೇ ಇರ್ತಾಳೆ. ಈ ಕೌಂಟರ್ ಹಿಂದೆ ನಿಂತು ಎಲ್ಲರನ್ನೂ ಚಿನ್ನ ಚಿನ್ನ ಅಂತಾಳೆ. ನನ್ನಿಂದ ತಡೆಯೋಕಾಗಲ್ಲ ಅದು. 

...ಕೇಳಿಸ್ತಾ? ಕೇಳಿಸ್ಲಿಲ್ವಾ ನಿಮಗೆ? ಸುಮ್ಮನಿರಿ, ಕೇಳಿ. ಸೇತುವೆ ಗುಡುಗ್ತಿದೆ. ರೈಲು! ಬಿಟ್ಟರು ರೈಲನ್ನ! ಬಂದ್ಲು ನೋಡಿ ನನ್ನ ಮಗಳು, ನಾನು ಹೇಳಲಿಲ್ವಾ! ಈಗ ಸ್ಟೇಷನ್ನು, ಆಮೇಲೆ ದಡದ ರಸ್ತೆ, ಓಡ್ಕೊಂಡು ಬರ್ತಾಳೆ. ಅವಳು ಬರೋ ಮುಂಚೆ ಒಂದು ಉಪಕಾರ ಮಾಡಿ ಚಿನ್ನ. ಚಿನ್ನ ಅನ್ನಿಸ್ಕೊಳ್ಳಿ, ಈಗ ಮಾತ್ರ. ನೀವು ಬರ್ಕೊಂಡಿದ್ದು ಒಂದೇ ಒಂದು ಸಾಲು ಓದಿ ಹೇಳಿ. ಆ ಟ್ರ್ಯಾಕ್ಟರಿನದು. ನಿಯಮ ಗಿಯಮ ಇರಲಿ, ಯಾರಿಗೂ ಹೇಳಲ್ಲ. ನನ್ನ ಮಗಳ ಬಗ್ಗೆ ಒಬ್ಬ ಓದಿದವರು ಏನು ಬರೆದ್ರು ಅಂತ ಒಂದು ಸಲ ಕಿವೀಲಿ ಕೇಳ್ಬೇಕು. ಓದಿ.

ಓದಿ ಅಂದೆ.

ಯಾಕೆ? ಅಂಥಾದ್ದೇನು ಬರೆದಿದ್ದೀರಿ?

ಓದೋಕಾಗಲ್ವಾ? ಕನ್ನಡಕ ಮರೆತ್ರಾ? ಮತ್ತೆ ಯಾಕೆ...

ಲೈಟು ಹಾಕಿದೀನಲ್ಲ.

ಮಿಸ್ಟರ್ ಆಲ್ಡರ್ಸನ್, ಲೈಟು ಹಾಕಿದೀನಲ್ಲ ನಾನು?

...

ಬೆಳಗ್ಗೆ ಅವಳು ಹೋಗುವಾಗ ಕತ್ತಲೆ ಇತ್ತು. ಅವಳು ಲೈಟು ಹಾಕಿದ್ದು ಹಾಗೇ ಬಿಟ್ಟುಹೋಗಿದ್ಲಾ? ನೀವು ಬಂದಾಗ ಉರೀತಿತ್ತಾ? ಹಾಗಾದ್ರೆ ನಾನು... ನಾನು ಎದ್ದುಹೋಗಿ ಆರಿಸಿದೆ. ಆರಿಸಿ, "ಬಂತು ನೋಡಿ" ಅಂದೆ. ನೀವು "ಓ" ಅಂದ್ರಿ. ಓ ಅಂದು ಸುಮ್ಮನಾದ್ರಿ.

ಅಲ್ಲ ಕಣ್ರೀ, ಆಗಿಂದ ಕಗ್ಗತ್ತಲೆಯಲ್ಲಿ ಕೂತಿದ್ದೀರಾ? ಹಾಲು ಚೆಲ್ಕೊಂಡು, ಕಾಲು ಜಜ್ಜಿಸ್ಕೊಂಡು? ಒಂದು ಮಾತು ಹೇಳಬಾರದಿತ್ತಾ? ಅಮ್ಮಾ ತಾಯಿ, ಲೈಟು ಆರಿಹೋಗಿದೆ ಅನ್ನೋಕೆ ಏನಾಗಿತ್ತು ನಿಮಗೆ? ಅಮೆರಿಕಾಗೆ ಹೋಗಿ ಓದಿ ಬಂದ್ರೂ ಈ ಹಾಳು ಮರ್ಯಾದೆ ಹೋಗಲಿಲ್ವಲ್ಲ ನಮ್ಮವರದು!

ನಗ್ತಿದೀನಿ. ಅಳ್ತಿಲ್ಲ. ನಗ್ತಾ ಇದೀನಿ ನಾನು.

ಗೊತ್ತಾಯ್ತು ನಿಮಗೆ. ಆಗಲೇ ಗೊತ್ತಾಗಿತ್ತು. ಅದಕ್ಕೇ ಆ ಪಾದ್ರಿ ದನಿ. ಹೌದು. ಏನೂ ಕಾಣಲ್ಲ ನನಗೆ, ಮಂಜೂ ಇಲ್ಲ. ಬೇಸಿಗೆ ಕಳೆಯೋ ತನಕ ಕಿಟಕಿ ಇರೋ ಕಡೆ ಒಂಚೂರು ಬೆಳ್ಳಗೆ ಇತ್ತು. ಆಸ್ಪತ್ರೇಲಿ ಆ ಹುಡುಗ ಡಾಕ್ಟ್ರು ಕೇಳಿದ, ಈ ಬೆಳಕು ಕಾಣ್ತಿದೆಯಾ ಮಿಸೆಸ್ ಗಿಲ್‌ಪಿನ್ ಅಂತ. ನಾನು, ಹಾಕಪ್ಪ ಮೊದಲು, ಆಮೇಲೆ ಕೇಳು ಅಂದೆ. ಹಾಕಿದೀನಿ ಅಂದ. ಬಸ್ಸಲ್ಲಿ ಬಂದೆ. "ಏನಂದ್ರು ಮಮ್ಮಿ?" ಅಂದ್ಲು. "ಇದ್ದ ಹಾಗೇ ಇದೆಯಂತೆ" ಅಂದೆ.

ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಅಂದ್ಕೊಂಡಿದೀನಿ. ಮೊನ್ನೆ ಒಂದು ಜರ್ಸಿ ಹಾಕ್ಕೊಂಡು ಬಂದು ಈ ಬಣ್ಣ ಹೇಗಿದೆ ಅಂದ್ಲು. ಮುಖಕ್ಕೆ ಒಪ್ಪುತ್ತೆ ಅಂದೆ. ಅವಳು ತಿರುಗಿ ಮೆಟ್ಟಿಲು ಹತ್ತಿ ಹೋಗಿ ಅದನ್ನ ಬಿಚ್ಚಿಟ್ಲು... 

ಹೇಳಬೇಡಿ ಅವಳಿಗೆ! ಕೈ ಮುಗೀತೀನಿ, ನಿಮ್ಮ ಹೆತ್ತ ತಾಯಿ ಆಣೆ! ಏಪ್ರಿಲ್ ಬರಲಿ, ಉತ್ತರ ಬರಲಿ, ಅವಳು ವಿಮಾನ ಹತ್ತಲಿ. ಆಮೇಲೆ ನಾನು ಕೋಲು ಹಿಡೀತೀನಿ, ದಾರಿ ತೋರಿಸೋ ನಾಯಿ ಕಟ್ಕೋತೀನಿ, ಏನು ಬೇಕಾದ್ರೂ ಮಾಡ್ತೀನಿ. ಎದ್ದೇಳಿ, ಬೇಗ ಆ ಲೈಟು ಹಾಕಿ! ದಡದ ರಸ್ತೆ ತಿರುವಲ್ಲಿ ಅವಳು ಯಾವಾಗ್ಲೂ ಈ ಕಿಟಕಿ ನೋಡ್ತಾಳೆ. ಬಾಗಿಲ ಪಕ್ಕ, ಕೋಟಿನ ಗೂಟ ಸಿಕ್ತಾ? ಅಲ್ಲ, ಅದು ಕೊಡೆ. ಅದರ ಕೆಳಗೆ, ಇನ್ನೂ ಕೆಳಗೆ. ಕತ್ತಲೆಯಲ್ಲಿ ಇಷ್ಟು ತಡವರಿಸ್ತೀರಲ್ಲ! ಬನ್ನಿ ಈ ಕಡೆ, ನಾನೇ... ಹಾಂ, ಸಿಕ್ತಾ?

ಟಿಕ್ ಅಂತು. ಒಂದು ಸಲಾನಾ, ಎರಡು ಸಲಾನಾ ಒತ್ತಿದ್ದು? ಬಂತಾ? ಮಿಸ್ಟರ್ ಆಲ್ಡರ್ಸನ್, ಬಂತಾ...

ಬ್ರೈ! ಬಂದ್ಯಾ ಮಗಳೇ! ಬಾಗಿಲು ಹಾಕು, ಅದರ ಗಂಟೆ ಕಿತ್ಕೊಂಡು ಹೋಗೋ ಹಾಗಿದೆ ಗಾಳಿಗೆ. ಇವರೇ ಮಿಸ್ಟರ್ ಆಲ್ಡರ್ಸನ್. ಎಷ್ಟು ಹೊತ್ತಿಂದ ಕಾದಿದಾರೆ ಪಾಪ. ನಾನು ಏನೂ ಹರಟಲಿಲ್ಲ, ಕೇಳು ಬೇಕಾದ್ರೆ.

ಏನಂದೆ? ಕತ್ತಲೆನಾ? ರಸ್ತೆಯಿಂದ ಕತ್ತಲೆ ಕಾಣ್ತಿತ್ತಾ? ಇಲ್ವಲ್ಲ! ಲೈಟು ಇತ್ತಲ್ಲ. ಆಗಿನಿಂದ ಉರೀತಾನೇ ಇತ್ತು, ಅವರು ಕೂತು ಬರೀತಿದ್ರು. ಅಲ್ವಾ ಮಿಸ್ಟರ್ ಆಲ್ಡರ್ಸನ್?

ಅಲ್ವಾ? ಹೇಳಿ ಅವಳಿಗೆ. ನಿಮ್ಮ ಬಾಯಲ್ಲೇ ಹೇಳಿ.

...

ಬಾಯಿ ಬಿಡ್ರೀ. ಹೌದು ಅನ್ನಿ. ಒಂದೇ ಒಂದು ಹೌದು.

ಬ್ರೈ? ನೀನಾದ್ರೂ ಮಾತಾಡು. ಎಲ್ಲಿ ನಿಂತಿದೀಯಾ? ನನ್ನನ್ನೇ ನೋಡ್ತಿದೀಯಾ?

ಬ್ರೈ... ಈಗ ಲೈಟು ಉರೀತಿದೆಯೇನೇ?